ಉಬ್ಬು ನಿಲ್ಲುತ್ತಿಲ್ಲ, ಸೂಜಿ ಬಿಡುತ್ತಿಲ್ಲ: ಎಂಡೋಸ್ಕೋಪಿ ಜೆಲ್‌ನ ದೋಷ ಹುಡುಕುವ ಕೈಪಿಡಿ

ಕರುಳಿನ ಅಥವಾ ಜಠರದ ಒಳಗೋಡೆಯಲ್ಲಿ ಚಪ್ಪಟೆಯಾಗಿ ಬೆಳೆದ ಗಂಟನ್ನು ಎಂಡೋಸ್ಕೋಪ್ (ದೇಹದೊಳಗೆ ತೂರಿಸಿ ನೋಡುವ ಕ್ಯಾಮೆರಾ ನಳಿಕೆ) ಮೂಲಕವೇ ತೆಗೆಯುವಾಗ, ಮೊದಲು ಅದರ ಅಡಿಗೆ ಸೂಜಿಯಿಂದ ದ್ರವ ಚುಚ್ಚುತ್ತಾರೆ. ಲೋಳೆಪೊರೆ ಮೇಲಕ್ಕೆ ಏಳುತ್ತದೆ. ಕೆಳಗಿನ ಸ್ನಾಯುಪದರ ದೂರ ಉಳಿಯುತ್ತದೆ. ನಡುವೆ ಒಂದು ದಿಂಬು ಇದ್ದ ಹಾಗೆ. ಆ ದಿಂಬು ಗಟ್ಟಿಯಾಗಿದ್ದರೆ ಕೊಯ್ಯುವವರ ಕೈ ಧೈರ್ಯವಾಗಿ ಓಡುತ್ತದೆ. ಅದು ಕುಸಿದರೆ ಕರುಳಿಗೆ ತೂತು ಬೀಳುವ ಅಪಾಯ.

ಈ ಉಪಾಯ ಹೊಸದಲ್ಲ. ಗುದನಾಳದ ಪಾಲಿಪ್ (ಒಳಗೋಡೆಯ ಗಂಟು) ಸುಡುವಾಗ ಅಡಿಯಲ್ಲಿ ಸಲೈನ್ ತುಂಬಿಸಿ ಗೋಡೆಯನ್ನು ಕಾಪಾಡಬಹುದು ಎಂದು ರೋಸನ್‌ಬರ್ಗ್ ಎಂಬ ವೈದ್ಯರು 1955ರಲ್ಲೇ ಬರೆದಿದ್ದರು. ಸಲೈನ್ ಅಗ್ಗ, ಸುರಕ್ಷಿತ. ಆದರೆ ಕೆಲವೇ ನಿಮಿಷಗಳಲ್ಲಿ ಹರಡಿಹೋಗುತ್ತದೆ. ದೊಡ್ಡ ಗಂಟನ್ನು ಒಂದೇ ತುಂಡಾಗಿ ಬಿಡಿಸಲು ಗಂಟೆಗಟ್ಟಲೆ ಬೇಕಾಗಬಹುದು. ಅದಕ್ಕೇ ಜೆಲ್ ಬೇಕಾಗಿದ್ದು. ಜಪಾನಿನಲ್ಲಿ 0.4 ಶೇಕಡಾ ಸೋಡಿಯಂ ಹಯಲುರೋನೇಟ್ ದ್ರಾವಣ ಈ ಕೆಲಸಕ್ಕೆ ಬಳಕೆಗೆ ಬಂತು. ಆಮೇಲೆ ಆಲ್ಜಿನೇಟ್, ಕೈಟೋಸಾನ್, ಪೊಲಾಕ್ಸಮರ್, ಸೆಲ್ಯುಲೋಸ್‌ನಿಂದ ಮಾಡಿದ ಪಾಲಿಮರ್‌ಗಳು (ಉದ್ದ ಸರಪಳಿಯಂಥ ಅಣುಗಳ ವಸ್ತುಗಳು), ಎಲ್ಲವನ್ನೂ ಜನ ಪ್ರಯತ್ನಿಸುತ್ತಾ ಬಂದಿದ್ದಾರೆ.

ಇಂಥ ಜೆಲ್ ಮಾಡುವವರ ಕಷ್ಟ ಒಂದೇ ಮಾತಿನದು. ಸೂಜಿಯೊಳಗೆ ಅದು ನೀರಿನ ಹಾಗೆ ಓಡಬೇಕು. ಅಂಗಾಂಶದೊಳಗೆ ದಿಂಬಿನ ಹಾಗೆ ಕೂರಬೇಕು. ಕೆಳಗಿನ ದೋಷಗಳಲ್ಲಿ ಮುಕ್ಕಾಲು ಪಾಲು ಈ ಎರಡರ ಜಗಳದಿಂದಲೇ ಹುಟ್ಟುತ್ತವೆ. ಆದರೂ ನಾನು ನೋಡಿರುವ ತಪ್ಪೆಂದರೆ, ಏನೇ ಕೆಟ್ಟರೂ ಮೊದಲು ಜೆಲ್‌ನ ಪಾಕವನ್ನೇ ಬದಲಾಯಿಸಲು ಹೊರಡುವುದು. ನಾನೂ ಹಾಗೆ ಮಾಡಿದ್ದೇನೆ. ಎರಡು ವಾರ ಪಾಲಿಮರ್ ಪ್ರಮಾಣವನ್ನು ಏರಿಸಿ ಇಳಿಸಿ ಒದ್ದಾಡಿದ ಮೇಲೆ ಗೊತ್ತಾಯಿತು, ಸೂಜಿಯ ತುದಿ ಬಾಗಿತ್ತು. ಆದ್ದರಿಂದ ಇಲ್ಲಿ ಪಾಕದ ಸರದಿ ಯಾವಾಗಲೂ ಕೊನೆಗೆ ಬರುತ್ತದೆ.

ಕೈ ಹಾಕುವ ಮುಂಚೆ

ಯಾವ ಲಕ್ಷಣ ಕಂಡರೂ ಮೊದಲು ಇದನ್ನು ಮಾಡಿ: ಅದೇ ಸೂಜಿ, ಅದೇ ಅಂಗಾಂಶ, ಅದೇ ಕೈ ಇಟ್ಟುಕೊಂಡು ಬಣ್ಣ ಬೆರೆಸಿದ ಬರೀ ಸಲೈನ್ ಚುಚ್ಚಿ ನೋಡಿ. ಸಲೈನಿನಲ್ಲೂ ಅದೇ ತೊಂದರೆ ಬಂದರೆ ತಪ್ಪು ಜೆಲ್‌ನದಲ್ಲ. ಈ ಒಂದು ಪರೀಕ್ಷೆಗೆ ಐದು ನಿಮಿಷ ಸಾಕು. ಉಳಿಸುವ ಸಮಯ ಮಾತ್ರ ತುಂಬಾ.

ಜೊತೆಗೆ ಸಿರಿಂಜನ್ನು ಅದರ ಸೂಜಿ-ಕೊಳವೆ ಸಮೇತ ಚುಚ್ಚುವ ಮುಂಚೆ ಒಮ್ಮೆ, ಚುಚ್ಚಿದ ಮೇಲೆ ಒಮ್ಮೆ ತೂಗಿ. ಸಿರಿಂಜಿನ ಗೆರೆ ನೋಡಿ "2 ಮಿ.ಲೀ. ಹೋಯಿತು" ಅಂದುಕೊಳ್ಳುವುದು ಸಾಲದು. ಎಂಡೋಸ್ಕೋಪಿನ ಸೂಜಿ ಎಂದರೆ ಉದ್ದ ಕೊಳವೆಯ ತುದಿಯಲ್ಲಿರುವ ಪುಟ್ಟ ಸೂಜಿ. ಕೊಳವೆ 2 ಮೀಟರ್ ಉದ್ದ, ಒಳಗಿನ ರಂಧ್ರ 1 ಮಿ.ಮೀ. ಇದ್ದರೆ, ಅದರೊಳಗೇ ಸುಮಾರು 1.6 ಮಿ.ಲೀ. ಜೆಲ್ ಕೂತಿರುತ್ತದೆ. ಕೊಳವೆ ಮೊದಲೇ ತುಂಬಿರದಿದ್ದರೆ ನೀವು ಅಂದುಕೊಂಡ 2 ಮಿ.ಲೀ.ನಲ್ಲಿ ಅಂಗಾಂಶಕ್ಕೆ ತಲುಪಿದ್ದು ಚೂರೇ ಚೂರು. ಆಮೇಲೆ ಜೆಲ್‌ನ, ಕೋಣೆಯ, ಅಂಗಾಂಶದ ತಾಪಮಾನ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಎಚ್ಚರಿಕೆಯ ಮಾತು. ಇಲ್ಲಿ ಹೇಳುವುದೆಲ್ಲ ಪ್ರಯೋಗಾಲಯದ ಬೆಂಚಿನ ಮೇಲೆ, ದೇಹದಿಂದ ತೆಗೆದ ಅಂಗಾಂಶದ ಮೇಲೆ ಮಾಡುವ ಪರೀಕ್ಷೆಗಳಿಗೆ. ಜೀವಂತ ಪ್ರಾಣಿ ಅಥವಾ ಮನುಷ್ಯರ ವಿಷಯ ಬಂದರೆ ನೈತಿಕ ಸಮಿತಿಯ ಒಪ್ಪಿಗೆ, ನಿಯಂತ್ರಣ ಸಂಸ್ಥೆಯ ಅನುಮತಿ ಮತ್ತು ಪರಿಣತ ವೈದ್ಯರು ಬೇಕೇ ಬೇಕು. ಕೈಗವಸು ಮತ್ತು ಕಣ್ಣಿನ ಕನ್ನಡಕ ಇಲ್ಲದೆ ಸಿರಿಂಜ್ ಮುಟ್ಟಬೇಡಿ. ಗಟ್ಟಿ ಜೆಲ್ ತುಂಬಿದ ಸಿರಿಂಜಿನ ಕೊಂಡಿ ಒತ್ತಡಕ್ಕೆ ಕಳಚಿಕೊಂಡರೆ ಜೆಲ್ ನೇರ ಮುಖಕ್ಕೆ ಹಾರುತ್ತದೆ.

"ಪ್ಲಂಜರ್ ಎಷ್ಟು ಒತ್ತಿದರೂ ಮುಂದೆ ಹೋಗುತ್ತಿಲ್ಲ"

ಮೊದಲು ಸೂಜಿಯನ್ನು ಕೊಳವೆಯಿಂದ ಪೂರ್ತಿ ಹೊರಗೆ ಚಾಚಿ, ಕೊಳವೆಯನ್ನು ಮೇಜಿನ ಮೇಲೆ ನೆಟ್ಟಗೆ ಹಾಸಿ, ಬರೀ ನೀರು ತಳ್ಳಿ ನೋಡಿ. ನೀರೇ ಹೋಗದಿದ್ದರೆ ಸೂಜಿ ಮುಚ್ಚಿದೆ ಅಥವಾ ಕೊಳವೆ ಮಡಚಿದೆ. ಹೊಸದು ಹಾಕಿ. ಒಣಗಿದ ಜೆಲ್ ತುಂಬಿಕೊಂಡ ಹಳೆಯ ಸೂಜಿಯನ್ನು ತೊಳೆದು ಮತ್ತೆ ಬಳಸುವ ಉಳಿತಾಯ ಬೇಡ. ಅದರಿಂದ ಬರುವ ಅಂಕಿಗಳನ್ನು ನಂಬಲಾಗದು.

ನೀರು ಸಲೀಸಾಗಿ ಹೋಯಿತೇ? ಈಗ ಕೊಳವೆಯನ್ನು ಎಂಡೋಸ್ಕೋಪ್ ಬಾಗುವ ಹಾಗೆ ಸುರುಳಿ ಮಾಡಿ ಮತ್ತೆ ತಳ್ಳಿ. ಬಾಗಿದಾಗ ಮಾತ್ರ ಬಿಗಿಯಾದರೆ ಆ ಕೊಳವೆಯ ಗೋಡೆ ಮೆತ್ತಗಿದೆ ಎಂದರ್ಥ.

ಮುಂದಿನದು ಸಿರಿಂಜ್. ಹೆಬ್ಬೆರಳಿನಿಂದ 5 ಕೆ.ಜಿ. ತೂಕದಷ್ಟು ಬಲ ಹಾಕುತ್ತೀರಿ ಅನ್ನಿ. 10 ಮಿ.ಲೀ. ಸಿರಿಂಜಿನಲ್ಲಿ ಅದು ಸುಮಾರು 3 ಬಾರ್ ಒತ್ತಡವಾಗುತ್ತದೆ. 3 ಮಿ.ಲೀ. ಸಿರಿಂಜಿನಲ್ಲಿ ಅದೇ ಬಲ 8 ಬಾರ್ ದಾಟುತ್ತದೆ. ಪ್ಲಂಜರ್ ತಲೆ ಚಿಕ್ಕದಾದಷ್ಟೂ ಒತ್ತಡ ಜಾಸ್ತಿ. ಆದ್ದರಿಂದ ಚಿಕ್ಕ ಸಿರಿಂಜ್ ಹಾಕಿದರೆ ಹಠಮಾರಿ ಜೆಲ್ ಹೋಗಿಬಿಡುತ್ತದೆ. ತಿರುಪು ಬೀಗವಿರುವ ಕೊಂಡಿಯನ್ನೇ ಬಳಸಿ. ಸುಮ್ನೆ ಒತ್ತಿ ಸಿಕ್ಕಿಸುವ ಕೊಂಡಿ ಈ ಒತ್ತಡಕ್ಕೆ ನಿಲ್ಲುವುದಿಲ್ಲ.

ಇಷ್ಟಾದ ಮೇಲೆ ಸೂಜಿಯ ಗೇಜ್, ಅಂದರೆ ಅದರ ದಪ್ಪ ಹೇಳುವ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಸೂಜಿ ಸಣ್ಣ. ಸಾಮಾನ್ಯ ಗೋಡೆಯ 25 ಗೇಜ್ ಸೂಜಿಯ ಒಳವ್ಯಾಸ ಸುಮಾರು 0.26 ಮಿ.ಮೀ., 23 ಗೇಜಿನದು ಸುಮಾರು 0.34. ನೋಡಲು ವ್ಯತ್ಯಾಸ ಏನೂ ಇಲ್ಲ. ಆದರೆ ತೆಳು ದ್ರವದ ಹರಿವಿಗೆ ಬೇಕಾದ ಒತ್ತಡ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮ. ಲೆಕ್ಕ ಹಾಕಿದರೆ 23 ಗೇಜಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಒತ್ತಡ ಸಾಕು.

ಇಲ್ಲಿ ಬಹಳ ಜನ ಮರೆಯುವ ಒಂದು ವಿಷಯ ಇದೆ. ಎಲ್ಲರ ಕಣ್ಣೂ ಸೂಜಿಯ ಮೇಲೆ, ಕೊಳವೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೂಜಿ ಸಣ್ಣದು, ನಿಜ, ಆದರೆ ಉದ್ದ ಬರೀ 5 ಮಿ.ಮೀ. ಕೊಳವೆ ಅಗಲ, ಆದರೆ ಉದ್ದ 2 ಮೀಟರ್. ನೀರಿನಂಥ ದ್ರವಕ್ಕೆ 1 ಮಿ.ಮೀ. ರಂಧ್ರದ ಕೊಳವೆ ಒಡ್ಡುವ ತಡೆ 25 ಗೇಜ್ ಸೂಜಿಯ ತಡೆಗಿಂತ ಹೆಚ್ಚುಕಡಿಮೆ ಎರಡರಷ್ಟು ಬರುತ್ತದೆ. ಜೆಲ್‌ಗೆ ಇದು ಇನ್ನೂ ಕಷ್ಟ. ಸೂಜಿಯೊಳಗೆ ವೇಗ ಹೆಚ್ಚಿರುವುದರಿಂದ ಜೆಲ್‌ನ ಪದರಗಳು ಒಂದರ ಮೇಲೊಂದು ಜಾರಿ ಅದು ತೆಳುವಾಗುತ್ತದೆ. ಸೆಕೆಂಡಿಗೆ 0.1 ಮಿ.ಲೀ. ತಳ್ಳಿದರೂ ಅಲ್ಲಿ ಶಿಯರ್ ದರ (ಆ ಜಾರುವಿಕೆಯ ದರ) ಸೆಕೆಂಡಿಗೆ ಹತ್ತಾರು ಸಾವಿರ. ಕೊಳವೆಯಲ್ಲಿ ಅಷ್ಟು ವೇಗ ಇಲ್ಲ, ಹಾಗಾಗಿ ಜೆಲ್ ದಪ್ಪವಾಗಿಯೇ ತೆವಳುತ್ತದೆ. ಗೇಜ್ ಬದಲಿಸಿದರೂ ಬಿಗಿತ ಕಡಿಮೆಯಾಗದಿದ್ದರೆ ಕೊಳವೆಯನ್ನೇ ಅನುಮಾನಿಸಿ.

ಇವೆಲ್ಲ ಸರಿಯಿದ್ದು ಇನ್ನೂ ಹೋಗುತ್ತಿಲ್ಲ ಎಂದರೆ ಮಾತ್ರ ಜೆಲ್ ಕಡೆ ತಿರುಗಿ. ಗಾಜಿನ ಹಲಗೆಯ ಮೇಲೆ ತೆಳ್ಳಗೆ ಬಳಿದು ಬೆಳಕಿಗೆ ಹಿಡಿಯಿರಿ. ಮೀನಿನ ಕಣ್ಣಿನಂಥ ಅರೆಪಾರದರ್ಶಕ ಉಂಡೆಗಳು ಕಾಣುತ್ತಿವೆಯೇ? ಪುಡಿ ಸರಿಯಾಗಿ ನೆನೆದಿಲ್ಲ. ಪುಡಿಯನ್ನು ಒಮ್ಮೆಲೇ ಸುರಿಯದೆ, ಕದಡುತ್ತಿರುವ ನೀರಿನ ಸುಳಿಗೆ ಚೂರುಚೂರಾಗಿ ಉದುರಿಸಿ, ರಾತ್ರಿಯಿಡೀ ನೆನೆಯಲು ಬಿಡಿ. ಉಂಡೆ ಇಲ್ಲದಿದ್ದರೆ ಪಾಲಿಮರ್ ಪ್ರಮಾಣ ಸ್ವಲ್ಪ ಸ್ವಲ್ಪವೇ ಇಳಿಸಿ. ಅದಕ್ಕಿಂತ ಒಳ್ಳೆಯ ದಾರಿ, ಒತ್ತಿದಾಗ ಹೆಚ್ಚು ತೆಳುವಾಗುವ ಪಾಲಿಮರ್ ಆರಿಸುವುದು. ಝಾಂಥಾನ್ ಗಮ್ ಇದಕ್ಕೆ ಒಳ್ಳೆಯ ಉದಾಹರಣೆ.

"ಮೊದಲ ಚುಚ್ಚು ಸಲೀಸು, ಎರಡನೆಯದಕ್ಕೆ ಕಟ್ಟಿಕೊಂಡಿತು"

ಇದು ಬಿಸಿಗೆ ಗಟ್ಟಿಯಾಗುವ ಜೆಲ್‌ಗಳ ಗುರುತು. ಪೊಲಾಕ್ಸಮರ್ 407 ಸುಮಾರು 20 ಶೇಕಡಾ ದ್ರಾವಣದಲ್ಲಿ ಫ್ರಿಜ್ಜಿನಲ್ಲಿ ನೀರಿನಂತಿದ್ದು, ಕೋಣೆಯ ತಾಪಮಾನದ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ. ಕೊಳವೆಯಾದರೋ 37 ಡಿಗ್ರಿಯ ದೇಹದೊಳಗೆ ಕೂತಿರುತ್ತದೆ. ವೈದ್ಯರು ಮೊದಲ ಚುಚ್ಚು ಮುಗಿಸಿ, ಜಾಗ ನೋಡಿ, ಎರಡನೆಯದಕ್ಕೆ ಸಜ್ಜಾಗುವಷ್ಟರಲ್ಲಿ ಕೊಳವೆಯೊಳಗಿನ ಜೆಲ್ ಮೇಣದ ಹಾಗಾಗಿರುತ್ತದೆ.

ಪರೀಕ್ಷೆ ಸುಲಭ. ಕೊಳವೆಯನ್ನು 37 ಡಿಗ್ರಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಜೆಲ್ ತುಂಬಿಸಿ, 1, 2, 5 ನಿಮಿಷ ಬಿಟ್ಟು ತಳ್ಳಿ. ಎಷ್ಟು ಹೊತ್ತಿಗೆ ಕಟ್ಟಿತು ಅನ್ನುವುದೇ ನಿಮ್ಮ ಜೆಲ್‌ನ ನಿಜವಾದ ಕೆಲಸದ ಅವಧಿ. ರಿಯೋಮೀಟರಿನಲ್ಲಿ (ಹರಿವು, ಗಟ್ಟಿತನ ಅಳೆಯುವ ಯಂತ್ರ) ಬಂದ ಜೆಲೇಶನ್ ಸಮಯಕ್ಕಿಂತ, ಅಂದರೆ ಗಟ್ಟಿಯಾಗುವ ಸಮಯಕ್ಕಿಂತ, ನಾನು ಇದನ್ನೇ ಹೆಚ್ಚು ನಂಬುತ್ತೇನೆ.

ಪರಿಹಾರದಲ್ಲಿ ಅಗ್ಗದ್ದು ಮೊದಲು. ಎರಡು ಚುಚ್ಚುಗಳ ನಡುವೆ ತಣ್ಣನೆಯ ಸಲೈನ್ ಹಾಯಿಸಿ ಕೊಳವೆ ಖಾಲಿ ಮಾಡಿ. ಆಗದಿದ್ದರೆ ಪಾಲಿಮರ್ ಪ್ರಮಾಣ ಸ್ವಲ್ಪ ಇಳಿಸಿ ಗಟ್ಟಿಯಾಗುವ ತಾಪಮಾನವನ್ನು ಮೇಲಕ್ಕೆ ತನ್ನಿ. ಉಪ್ಪು ಸೇರಿಸಿದರೆ ಆ ತಾಪಮಾನ ಕೆಳಗಿಳಿಯುತ್ತದೆ, ಅದು ನೆನಪಿರಲಿ. ಶುದ್ಧ ನೀರಿನಲ್ಲಿ ಪರೀಕ್ಷಿಸಿ ಸರಿಯಿದೆ ಎಂದುಕೊಂಡ ಪಾಕ ಸಲೈನಿಗೆ ಬಂದಾಗ ಕೈ ಕೊಡುವುದು ಇದೇ ಕಾರಣಕ್ಕೆ.

ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವವರಿಗೆ ಇನ್ನೊಂದು ಮಾತು. ಆಲ್ಜಿನೇಟ್ ಮತ್ತು ಕ್ಯಾಲ್ಸಿಯಂ ಒಂದೇ ಕೊಳವೆಯಲ್ಲಿ ಒಂದರ ಹಿಂದೆ ಒಂದು ಹೋದರೆ ಅವು ಸೇರುವ ಜಾಗದಲ್ಲಿ ಬಿರಟೆ ಬೀಳುತ್ತದೆ. ನಡುವೆ ಸಲೈನ್ ತುಂಡು ಬಿಡಿ ಅಥವಾ ಜೋಡಿ ರಂಧ್ರದ ಕೊಳವೆ ಬಳಸಿ.

ಇಂಥ ಜೆಲ್ ರಕ್ತನಾಳದೊಳಗೆ ಹೋದರೆ ಅಲ್ಲೂ ಗಟ್ಟಿಯಾಗುತ್ತದೆ. ಇದು ಸಣ್ಣ ಅಪಾಯವಲ್ಲ. ಪ್ರಾಣಿ ಪರೀಕ್ಷೆಗೆ ಹೋಗುವ ಮುಂಚೆ ಅಪಾಯಗಳ ಪಟ್ಟಿಯಲ್ಲಿ ಇದನ್ನು ಮೇಲಿನ ಸಾಲಲ್ಲೇ ಬರೆಯಿರಿ.

"ಉಬ್ಬು ಚೆನ್ನಾಗಿ ಬಂತು, ಸ್ವಲ್ಪ ಹೊತ್ತಿಗೆ ಇಳಿದೇ ಹೋಯಿತು"

ಎಲ್ಲರನ್ನೂ ಕಾಡುವ ದೂರು ಇದು. ನಿಜಕ್ಕೂ ಇಳಿಯಿತೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಮೇಲಿನಿಂದ ಕಣ್ಣಳತೆ ಬೇಡ. ಪಕ್ಕದಿಂದ, ಅಳತೆಪಟ್ಟಿ ಚೌಕಟ್ಟಿನೊಳಗೆ ಬರುವ ಹಾಗೆ ಫೋಟೊ ತೆಗೆಯಿರಿ. ಚುಚ್ಚಿದ ತಕ್ಷಣ, 5, 10, 15, 30 ನಿಮಿಷಕ್ಕೆ. ಪಕ್ಕದಲ್ಲೇ ಅದೇ ತುಂಡಿನ ಮೇಲೆ ಸಲೈನ್ ಉಬ್ಬು ಇರಲಿ.

ಸಲೈನ್ ಉಬ್ಬು ಕೂಡ ಎಂದಿಗಿಂತ ಬೇಗ ಮಾಯವಾಯಿತೇ? ಹಾಗಾದರೆ ಅಂಗಾಂಶ ಕೆಟ್ಟಿದೆ. ಹಂದಿಯ ಜಠರ ಅಥವಾ ಕರುಳನ್ನು ಫ್ರೀಜರಿನಲ್ಲಿಟ್ಟು ಕರಗಿಸಿದ್ದರೆ ಅದರ ನಾರುಗಳ ಬಲೆ ಹರಿದು ಸೋರುತ್ತದೆ. ತಾಜಾ ಅಂಗಾಂಶವೇ ಬೇಕು. ಅದನ್ನು ಎಷ್ಟು ಎಳೆದು ಪಿನ್ ಹೊಡೆದಿದ್ದೀರಿ ಎನ್ನುವುದೂ ಮುಖ್ಯ. ಬಿಗಿಯಾಗಿ ಎಳೆದರೆ ಉಬ್ಬು ಅಲ್ಲೇ ಚಪ್ಪಟೆ. ಜಠರದ ಮೇಲ್ಭಾಗವೂ ಕೆಳಭಾಗವೂ ಒಂದೇ ಥರ ಇರುವುದಿಲ್ಲ, ಹಾಗಾಗಿ ಒಂದು ಜೆಲ್ ಇಲ್ಲಿ, ಇನ್ನೊಂದು ಅಲ್ಲಿ ಚುಚ್ಚಿ ಹೋಲಿಸಬೇಡಿ.

ಸಲೈನ್ ಎಂದಿನಂತೆ ವರ್ತಿಸಿ, ಜೆಲ್ ಮಾತ್ರ ನಿರೀಕ್ಷೆಗಿಂತ ಬೇಗ ಇಳಿದರೆ, ನಾನು ಮೊದಲು ಮಾಡುವುದು ಇಳಿಜಾರು ಪರೀಕ್ಷೆ. ಒಂದು ಗಾಜಿನ ಹಲಗೆಯನ್ನು ಓರೆಯಾಗಿ ನಿಲ್ಲಿಸಿ. ಬೀಕರಿನಿಂದ ನೇರವಾಗಿ ತೆಗೆದ ಜೆಲ್‌ನ ಒಂದು ತೊಟ್ಟು, ಕೊಳವೆ ಮತ್ತು ಸೂಜಿಯ ಮೂಲಕ ಬಂದ ಜೆಲ್‌ನ ಇನ್ನೊಂದು ತೊಟ್ಟು, ಎರಡನ್ನೂ ಪಕ್ಕಪಕ್ಕ ಇಡಿ. ಬೀಕರಿನದು ನಿಂತು, ಸೂಜಿಯಿಂದ ಬಂದದ್ದು ಜಾರಿದರೆ ಜೆಲ್ ದಾರಿಯಲ್ಲಿ ಮುರಿದಿದೆ. ಸ್ವಲ್ಪ ಹೊತ್ತಾದ ಮೇಲೆ ಅದೂ ನಿಂತರೆ ಮತ್ತೆ ಕೂಡಿಕೊಂಡಿದೆ. ಎಷ್ಟು ಹೊತ್ತು ಬೇಕಾಯಿತು? ಕೆಲವು ಸೆಕೆಂಡ್ ಆದರೆ ಚಿಂತೆಯಿಲ್ಲ. ನಿಮಿಷಗಟ್ಟಲೆ ಆದರೆ ಅಷ್ಟರಲ್ಲಿ ಅಂಗಾಂಶದೊಳಗೆ ಜೆಲ್ ಪಕ್ಕಕ್ಕೆ ಹರಿದು ಹೋಗಿರುತ್ತದೆ. ಎಂದಿಗೂ ಕೂಡದಿದ್ದರೆ ಸರಪಳಿಗಳ ನಡುವಿನ ಗಟ್ಟಿ ಕೊಂಡಿಗಳೇ ಕಡಿದಿವೆ. ರಿಯೋಮೀಟರ್ ಇದ್ದವರು ಇದನ್ನೇ ಮೂರು ಹಂತದಲ್ಲಿ ನೋಡಬಹುದು: ನಿಧಾನ, ಅತಿ ವೇಗ, ಮತ್ತೆ ನಿಧಾನ. ಇಲ್ಲದವರಿಗೆ ಗಾಜಿನ ಹಲಗೆಯೇ ಸಾಕಷ್ಟು ಹೇಳುತ್ತದೆ.

ಎರಡು ತೊಟ್ಟುಗಳೂ ಒಂದೇ ಥರ ನಿಂತವು, ಅಂಗಾಂಶದಲ್ಲಿ ಮಾತ್ರ ಕುಸಿಯುತ್ತದೆ ಎಂದಾದರೆ ಏನು? ಆಗ ಸುತ್ತಲಿನ ದ್ರವ ಜೆಲ್ ಅನ್ನು ಕರಗಿಸುತ್ತಿದೆ. ಪೊಲಾಕ್ಸಮರ್‌ನ ದೌರ್ಬಲ್ಯ ಇದೇ. ನೀರು ಸೇರಿ ಪ್ರಮಾಣ ಒಂದು ಮಿತಿಗಿಂತ ಕೆಳಗಿಳಿದರೆ ಅದು ಗಟ್ಟಿಯಾಗಿ ಉಳಿಯುವುದೇ ಇಲ್ಲ. ಜೆಲ್‌ನ ಒಂದು ತುಣುಕನ್ನು 37 ಡಿಗ್ರಿ ಸಲೈನಿನಲ್ಲಿ ಹಾಕಿ ಗಂಟೆಗೊಮ್ಮೆ ತೂಗಿ. ತೂಕ ಇಳಿದರೆ ಕರಗುತ್ತಿದೆ. ಏರಿದರೆ ನೀರು ಹೀರಿ ಊದಿಕೊಳ್ಳುತ್ತಿದೆ. ಊದುವುದು ಒಳ್ಳೆಯದೇ ಅಲ್ವಾ ಎಂದು ಕೇಳುವವರಿದ್ದಾರೆ. ಸ್ವಲ್ಪ ಊದಿದರೆ ತೊಂದರೆಯಿಲ್ಲ. ಆದರೆ ಕೆಲಸ ಮುಗಿದ ಮೇಲೂ ಊದುತ್ತಲೇ ಇದ್ದರೆ ಸುತ್ತಲಿನ ಅಂಗಾಂಶವನ್ನು ಹಿಂಡುತ್ತದೆ.

ಆಲ್ಜಿನೇಟ್ ಬಳಸುವವರು ನಿಮ್ಮ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ನೋಡಿಕೊಳ್ಳಿ. ಫಾಸ್ಫೇಟ್ ಇರುವ ಬಫರ್ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತದೆ. ದ್ರಾವಣ ಮಬ್ಬಾಗುತ್ತದೆ, ಜೆಲ್ ಸಡಿಲವಾಗುತ್ತದೆ. ಪಾಲಿಮರ್ ಜಾಸ್ತಿ ಮಾಡಿದರೆ ಇದು ಸರಿಹೋಗುವುದಿಲ್ಲ. ಬಫರ್ ಬದಲಿಸಿದರೆ ಅದೇ ದಿನ ಸರಿಹೋಗುತ್ತದೆ.

ಗಾಢ ಸಕ್ಕರೆ ದ್ರಾವಣ ಅಥವಾ ಗಾಢ ಉಪ್ಪುನೀರು ಬೆರೆಸಿ ಉಬ್ಬನ್ನು ನಿಲ್ಲಿಸುವ ಆಸೆ ಬರುತ್ತದೆ. ನೀರನ್ನು ಸೆಳೆದು ಉಬ್ಬು ನಿಲ್ಲುವುದೂ ಹೌದು. ಆದರೆ 50 ಶೇಕಡಾ ಗ್ಲೂಕೋಸ್‌ನಂಥ ದ್ರಾವಣ ಅಂಗಾಂಶವನ್ನೇ ಕೆಡಿಸುತ್ತದೆ. ಜೆಲ್‌ನ ಆಸ್ಮೊಲಾಲಿಟಿ, ಅಂದರೆ ನೀರು ಸೆಳೆಯುವ ಕಣಗಳ ಸಾಂದ್ರತೆ, ದೇಹದ ದ್ರವದ ಹತ್ತಿರ, ಅಂದರೆ 300 ಮಿಲಿಆಸ್ಮೋಲ್ ಆಸುಪಾಸಿನಲ್ಲಿ ಇರಲಿ.

ಹೊರಗೆ ತೆಗೆದ ಅಂಗಾಂಶದಲ್ಲಿ ಮೂವತ್ತು ನಿಮಿಷ ನಿಂತ ಉಬ್ಬು ಜೀವಂತ ದೇಹದಲ್ಲೂ ಅಷ್ಟೇ ನಿಲ್ಲುತ್ತದೆ ಎಂದು ಯಾರಿಗೂ ಭರವಸೆ ಕೊಡಬೇಡಿ. ಅಲ್ಲಿ ರಕ್ತ ಹರಿಯುತ್ತದೆ, ಕರುಳು ಅಲುಗುತ್ತದೆ, ಒಳಗೆ ತುಂಬಿದ ಗಾಳಿ ಗೋಡೆಯನ್ನು ಹಿಗ್ಗಿಸುತ್ತದೆ.

"ಉಬ್ಬೇ ಬರುತ್ತಿಲ್ಲ, ಬಂದರೂ ಒಂದೇ ಕಡೆ ವಾಲುತ್ತದೆ"

ಇದರಲ್ಲಿ ಹೆಚ್ಚಿನ ಪಾಲು ಚುಚ್ಚುವ ಆಳದ ತಪ್ಪು. ಚುಚ್ಚಿದ ಜಾಗವನ್ನು ಬ್ಲೇಡಿನಿಂದ ಅಡ್ಡ ಕೊಯ್ದು ಬಣ್ಣ ಯಾವ ಪದರದಲ್ಲಿದೆ ನೋಡಿ. ಮೇಲಿನ ಲೋಳೆಪೊರೆಯಲ್ಲೇ ಸಣ್ಣ ಬಿಗಿ ಗುಳ್ಳೆಯಾಗಿ ನಿಂತಿದ್ದರೆ ಸೂಜಿ ಆಳ ಸಾಲದು. ಸ್ನಾಯುವಿನೊಳಗೆ ಅಥವಾ ಹೊರಮೈಯಲ್ಲಿ ಬಣ್ಣ ಕಂಡರೆ ಸೂಜಿ ತೂರಿ ಹೋಗಿದೆ. ಕರುಳಿನ ಗೋಡೆ ಕೆಲವೇ ಮಿಲಿಮೀಟರ್ ದಪ್ಪ, ಇದು ಬಹಳ ಬೇಗ ಆಗುತ್ತದೆ. ಸೂಜಿಯನ್ನು ಓರೆಯಾಗಿ ಇಡಿ. ಮೊದಲು ಚೂರು ಸಲೈನ್ ಬಿಟ್ಟು ಸರಿಯಾದ ಪದರ ತೆರೆದುಕೊಂಡಿತೇ ನೋಡಿ, ಆಮೇಲೆ ಜೆಲ್ ಬಿಡಿ.

ತುಂಬಾ ಗಟ್ಟಿ ಜೆಲ್ ಕೂಡ ಹೀಗೆ ಮಾಡುತ್ತದೆ. ಹರಡದೆ ಒಂದೇ ಕಡೆ ಗೋಲಿಯಂತೆ ಕೂರುತ್ತದೆ. ಅಂಥ ಬಿಗಿ ಗುಡ್ಡದ ಮೇಲೆ, ಗಂಟನ್ನು ಸುತ್ತಿ ಕೊಯ್ಯುವ ತಂತಿಯ ಕುಣಿಕೆ ಹಿಡಿತ ಸಿಗದೆ ಜಾರುತ್ತದೆ. ಎತ್ತರ ಒಂದನ್ನೇ ಅಂಕವೆಂದು ಎಣಿಸುವವರು ಇದನ್ನು ಗಮನಿಸಬೇಕು. ಬೇಕಾದ್ದು ಗಂಟಿನ ಅಡಿಗೆಲ್ಲ ಹರಡಿದ, ಸಾಕಷ್ಟು ಎತ್ತರದ ದಿಂಬು.

ಇಲ್ಲಿ ನಿಲ್ಲಲೇಬೇಕಾದ ಒಂದು ಜಾಗ ಇದೆ. ವೈದ್ಯರು ಬಳಸುವಾಗ ಸುತ್ತಲಿನ ಲೋಳೆಪೊರೆ ಏಳುತ್ತದೆ, ಗಂಟು ಮಾತ್ರ ಏಳುವುದಿಲ್ಲ ಎಂದು ವರದಿ ಬಂದರೆ, ದಯವಿಟ್ಟು ಜೆಲ್ ಇನ್ನೂ ಬಲವಾಗಲಿ ಎಂದು ಹೊರಡಬೇಡಿ. 1994ರಲ್ಲಿ ಉನೊ ಮತ್ತು ಅವರ ಸಹೋದ್ಯೋಗಿಗಳು ವಿವರಿಸಿದ ಲಕ್ಷಣ ಅದು. ಗಂಟು ಕೆಳಪದರಕ್ಕೆ ಆಳವಾಗಿ ಬೇರು ಬಿಟ್ಟಿರಬಹುದು. ಅಥವಾ ಹಿಂದೆ ಬಯಾಪ್ಸಿ ತೆಗೆದದ್ದರಿಂದ, ಗುರುತಿಗೆ ಶಾಯಿ ಚುಚ್ಚಿದ್ದರಿಂದ ಗಾಯದ ನಾರು ಕಟ್ಟಿರಬಹುದು. ಆ ಏಳದಿರುವಿಕೆ ವೈದ್ಯರಿಗೆ ಸಿಗುವ ಒಂದು ಮುಖ್ಯ ಸುಳಿವು. ಒತ್ತಾಯದಿಂದ ಎತ್ತಿ ಅದನ್ನು ಮರೆಮಾಚುವ ಜೆಲ್ ನಮಗೆ ಬೇಡ. ಮುಂದೇನು ಎಂಬುದು ವೈದ್ಯರ ತೀರ್ಮಾನ.

"ಸೂಜಿ ತೆಗೆದ ಕೂಡಲೇ ತೂತಿನಿಂದ ಜೆಲ್ ಹೊರಬರುತ್ತಿದೆ"

ಸೂಜಿಯನ್ನು ತಕ್ಷಣ ಕೀಳಬೇಡಿ. ತಳ್ಳುವುದು ನಿಲ್ಲಿಸಿ, ಹತ್ತು ಸೆಕೆಂಡ್ ಬಿಟ್ಟು ತೆಗೆಯಿರಿ. ಪ್ಲಂಜರ್ ಬಿಟ್ಟ ಮೇಲೂ ಸೂಜಿಯ ತುದಿಯಿಂದ ಜೆಲ್ ಒಸರುತ್ತಿದ್ದರೆ ಒಳಗೆ ಗಾಳಿಗುಳ್ಳೆಗಳಿವೆ. ಒತ್ತಿದಾಗ ಕುಗ್ಗಿದ ಗಾಳಿ ಆಮೇಲೆ ಹಿಗ್ಗಿ ಜೆಲ್ ಅನ್ನು ತಳ್ಳುತ್ತಲೇ ಇರುತ್ತದೆ. ಸಿರಿಂಜನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಅಥವಾ ನಿರ್ವಾತದಲ್ಲಿಟ್ಟು ಗಾಳಿ ತೆಗೆಯಿರಿ. ಗುಳ್ಳೆ ತುಂಬಿದ ಜೆಲ್ ಕ್ಯಾಮೆರಾದ ನೋಟವನ್ನೂ ಕೆಡಿಸುತ್ತದೆ.

ಒಂದೇ ಜಾಗಕ್ಕೆ ಹಲವು ಸಲ ಚುಚ್ಚಿದ್ದರೆ ಹಳೆಯ ತೂತುಗಳೇ ಸೋರುವ ದಾರಿ. ಅದಕ್ಕೆ ಜೆಲ್ ಏನೂ ಮಾಡಲಾರದು.

"ನೀಲಿ ಬಣ್ಣ ಒಂದೇ ಸಮ ಇಲ್ಲ, ಮಚ್ಚೆಮಚ್ಚೆಯಾಗಿದೆ"

ಕೊಯ್ಯುವ ಪದರ ಕಾಣಲಿ ಎಂದು ಬಣ್ಣ ಸೇರಿಸುತ್ತೇವೆ. ಮೆಥಿಲೀನ್ ಬ್ಲೂ ಧನ ವಿದ್ಯುದಂಶದ್ದು. ಆಲ್ಜಿನೇಟ್, ಹಯಲುರೋನೇಟ್, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಋಣ ವಿದ್ಯುದಂಶದವು. ಒಂದಕ್ಕೊಂದು ಅಂಟಿಕೊಂಡು ಬಣ್ಣ ನೇರಳೆಗೆ ತಿರುಗಬಹುದು, ಎಳೆ ಎಳೆಯಾಗಿ ಕಟ್ಟಲೂಬಹುದು. ಇಂಡಿಗೊ ಕಾರ್ಮೈನ್ ಋಣ ವಿದ್ಯುದಂಶದ್ದು. ಅದು ಕೈಟೋಸಾನ್ ಜೊತೆ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ಒಂದೇ ಥರದ ವಿದ್ಯುದಂಶದ ಜೋಡಿ ಆರಿಸಿ. ಬೆರೆಸಿದ ಮೇಲೆ ಒಂದು ದಿನ ಬಿಟ್ಟು ನೋಡಿ. ಬೆರೆಸಿದ ಕ್ಷಣದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ರಕ್ತ ತಡೆಯಲು ವೈದ್ಯರು ಅಡ್ರಿನಲಿನ್ ಸೇರಿಸುವ ರೂಢಿ ಇದೆ. ಅದರ ದ್ರಾವಣ ಆಮ್ಲೀಯ. ಪಿಎಚ್ ಮೇಲೆ ನಿಂತಿರುವ ಕೈಟೋಸಾನ್‌ನಂಥ ಜೆಲ್‌ಗೆ ಅದನ್ನು ಬೆರೆಸಿ ಪರೀಕ್ಷಿಸದೆ "ಸೇರಿಸಬಹುದು" ಎಂದು ಬರೆಯಬೇಡಿ.

"ದಿಂಬು ಚೆನ್ನಾಗಿದೆ, ಚಾಕು ಮಾತ್ರ ಕೊಯ್ಯುತ್ತಿಲ್ಲ"

ಕೊಯ್ಯುವ ಚಾಕು ವಿದ್ಯುತ್ತಿನದು. ಅಂಗಾಂಶದ ಮೂಲಕ ಕರೆಂಟ್ ಹರಿದರೆ ತಾನೇ ಅದು ಕೊಯ್ಯುವುದು? ಉಪ್ಪಿಲ್ಲದ ಜೆಲ್ ಅಥವಾ ಗ್ಲಿಸರಾಲ್ ಹೆಚ್ಚಿರುವ ಜೆಲ್ ಕರೆಂಟಿಗೆ ತಡೆ ಒಡ್ಡುತ್ತದೆ. ಚಾಕುವಿನ ತುದಿಯಲ್ಲಿ ಕಂದು ಅಂಟು ಕೂತು ಹೊಗೆ ಬರುತ್ತದೆ. ತುದಿ ಒರೆಸಿ, ಸಲೈನ್ ದಿಂಬಿನ ಮೇಲೆ ಅದೇ ಸೆಟ್ಟಿಂಗಿನಲ್ಲಿ ಕೊಯ್ದು ಹೋಲಿಸಿ. ಸಲೈನ್ ಮೇಲೆ ಚೆನ್ನಾಗಿ ಕೊಯ್ದರೆ ಜೆಲ್‌ನ ವಾಹಕತೆ ಅಳೆಯಿರಿ, ಉಪ್ಪಿನ ಪ್ರಮಾಣ ದೇಹದ ಮಟ್ಟಕ್ಕೆ ತನ್ನಿ. ಕರೆಂಟಿನ ಶಕ್ತಿಯನ್ನು ಏರಿಸಿ ಸರಿಮಾಡುವ ದಾರಿ ಹಿಡಿಯಬೇಡಿ, ಅದರಿಂದ ಕೆಳಗಿನ ಸ್ನಾಯು ಸುಡುತ್ತದೆ. ಈ ಪರೀಕ್ಷೆಯನ್ನು ಯಂತ್ರ ಗೊತ್ತಿರುವವರ ಜೊತೆಯಲ್ಲೇ, ಹೊಗೆ ಎಳೆಯುವ ವ್ಯವಸ್ಥೆ ಇರುವಲ್ಲೇ ಮಾಡಿ.

"ಹೋದ ವಾರದ ಜೆಲ್ ಚೆನ್ನಾಗಿತ್ತು, ಈ ವಾರದ್ದು ನೀರು"

ಮೊದಲು ಮೂಸಿ ನೋಡಿ, ಬೆಳಕಿಗೆ ಹಿಡಿಯಿರಿ. ಪಾಲಿಸ್ಯಾಕರೈಡ್ (ಸಕ್ಕರೆ ಅಣುಗಳ ಸರಪಳಿ, ಆಲ್ಜಿನೇಟ್‌ನಂಥದ್ದು) ಎಂದರೆ ಸೂಕ್ಷ್ಮಜೀವಿಗಳಿಗೆ ಊಟ. ಮಬ್ಬು, ವಾಸನೆ, ಇಳಿಯುತ್ತಿರುವ ಪಿಎಚ್, ಈ ಮೂರರಲ್ಲಿ ಒಂದು ಕಂಡರೂ ಆ ಬ್ಯಾಚ್ ಎಸೆಯಿರಿ. ಉಳಿಸಿಕೊಳ್ಳುವ ಪ್ರಶ್ನೆಯೇ ಇಲ್ಲ.

ಇಲ್ಲದಿದ್ದರೆ ತೂಕದ ಪುಸ್ತಕ ತೆರೆಯಿರಿ. ಈ ಪುಡಿಗಳು ಗಾಳಿಯ ತೇವ ಹೀರಿ, ತಮ್ಮ ತೂಕದ 10ರಿಂದ 15 ಶೇಕಡಾ ನೀರನ್ನು ಹೊತ್ತಿರುವುದು ಸಾಮಾನ್ಯ. ಡಬ್ಬಿ ತೆರೆದಿಟ್ಟ ಪುಡಿಯನ್ನು ತೂಗಿದರೆ ಪಾಲಿಮರ್ ಕಡಿಮೆ, ನೀರು ಜಾಸ್ತಿ. ಒಣ ತೂಕದ ಲೆಕ್ಕ ಇಟ್ಟುಕೊಳ್ಳಿ. ಹೊಸ ಡಬ್ಬಿ ಬಂದಿದ್ದರೆ ಅಣುತೂಕದ ಸಂಖ್ಯೆಯನ್ನು ಹಳೆಯದರ ಜೊತೆ ಹೋಲಿಸಿ. ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡ ದ್ರಾವಣದಲ್ಲಿ ಸ್ನಿಗ್ಧತೆ (ಹರಿವಿಗೆ ಒಡ್ಡುವ ತಡೆ) ಅಣುತೂಕದ ಸುಮಾರು 3.4ನೇ ಘಾತದಲ್ಲಿ ಏರುತ್ತದೆ. ಸರಪಳಿಯ ಉದ್ದ ಅರ್ಧಕ್ಕೆ ಇಳಿದರೆ ಸ್ನಿಗ್ಧತೆ ಹತ್ತನೇ ಒಂದಕ್ಕೆ ಇಳಿಯಬಹುದು.

ಕ್ರಿಮಿಶುದ್ಧಿ ಮಾಡಿದ ಮೇಲೆ ತೆಳುವಾಯಿತು ಎನ್ನುವುದು ಇದರ ಇನ್ನೊಂದು ರೂಪ. 121 ಡಿಗ್ರಿಯ ಆಟೋಕ್ಲೇವ್ ಆಲ್ಜಿನೇಟ್ ಮತ್ತು ಹಯಲುರೋನೇಟ್ ಸರಪಳಿಗಳನ್ನು ತುಂಡರಿಸುತ್ತದೆ. 25 ಕಿಲೊಗ್ರೇ ಗಾಮಾ ಕಿರಣ ಇನ್ನೂ ಜೋರಾಗಿ ತುಂಡರಿಸುತ್ತದೆ. 0.22 ಮೈಕ್ರಾನ್ ಫಿಲ್ಟರಿನಿಂದ ದಪ್ಪ ಜೆಲ್ ಇಳಿಯುವುದೇ ಇಲ್ಲ. ತೆಳು ದ್ರಾವಣವಾಗಿರುವಾಗಲೇ ಸೋಸಿ, ಶುದ್ಧ ಕೋಣೆಯಲ್ಲಿ ಒಣಗಿಸಿ, ಮತ್ತೆ ಬೇಕಾದ ಗಾಢತೆಗೆ ಕಲಸುವುದು ಒಂದು ದಾರಿ. ಎಷ್ಟು ಇಳಿಯುತ್ತದೆ ಎಂದು ಅಳೆದು, ಅದಕ್ಕೆ ತಕ್ಕಂತೆ ಹೆಚ್ಚು ಅಣುತೂಕದ ಪಾಲಿಮರಿನಿಂದ ಶುರು ಮಾಡುವುದು ಇನ್ನೊಂದು. ನನ್ನ ಮನವಿ ಇಷ್ಟೇ: ಕ್ರಿಮಿಶುದ್ಧಿಯನ್ನು ಕೊನೆಗೆ ಮುಂದೂಡಬೇಡಿ. ಶುದ್ಧಿ ಮಾಡದ ಜೆಲ್‌ನ ಮೇಲೆ ವರ್ಷವಿಡೀ ಅಂಕಿ ಕಲೆಹಾಕಿ, ಕೊನೆಗೆ ಶುದ್ಧಿಯಾದ ಮೇಲೆ ಅದು ಬೇರೆಯೇ ವಸ್ತು ಎಂದು ಕಂಡುಕೊಂಡ ಗೆಳೆಯರನ್ನು ನೋಡಿ ನನಗೆ ಸಂಕಟವಾಗಿದೆ.

"ಕೆಲವು ದಿನಗಳ ನಂತರ ಚುಚ್ಚಿದ ಜಾಗ ಕೆಂಪಾಗಿದೆ, ಗಡ್ಡೆ ಕಟ್ಟಿದೆ"

ಪ್ರಾಣಿ ಪರೀಕ್ಷೆಯಲ್ಲಿ ಇದು ಕಂಡರೆ ಮುಂದಿನ ಚುಚ್ಚು ನಿಲ್ಲಿಸಿ. ಪಶುವೈದ್ಯರಿಗೆ ಮತ್ತು ಒಪ್ಪಿಗೆ ಕೊಟ್ಟ ಸಮಿತಿಗೆ ಅದೇ ದಿನ ತಿಳಿಸಿ. ಬೆಂಚಿನ ಮೇಲೆ ಕೂತು ಊಹೆ ಮಾಡುವ ಹಂತ ಇದಲ್ಲ.

ತನಿಖೆ ಆಗಲೂ ಸುಲಭದ್ದರಿಂದಲೇ ಶುರು. ಉಳಿಸಿಟ್ಟ ಅದೇ ಬ್ಯಾಚಿನ ಪಿಎಚ್, ಆಸ್ಮೊಲಾಲಿಟಿ, ಕ್ರಿಮಿಶುದ್ಧಿ ನೋಡಿ. ಆಮೇಲೆ ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ಹೊರಕವಚದಿಂದ ಬರುವ ವಿಷ. ಸಾಮಾನ್ಯ ಸಾಧನಗಳಿಗೆ ಅಮೆರಿಕದ ಔಷಧ ಸಂಹಿತೆ ಹೇಳುವ ಮಿತಿ ಒಂದು ಸಾಧನಕ್ಕೆ 20 ಎಂಡೋಟಾಕ್ಸಿನ್ ಯೂನಿಟ್. ಕಡಲಕಳೆ ಮತ್ತು ಚಿಪ್ಪುಗಳಿಂದ ಬರುವ ಪಾಲಿಮರ್‌ಗಳಲ್ಲಿ ಇದು ಸುಲಭವಾಗಿ ಮೀರುತ್ತದೆ. ಕೆಲವು ಪಾಲಿಸ್ಯಾಕರೈಡ್‌ಗಳು ಆ ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತವೆ. ಹಾಗಾಗಿ ತಿಳಿದ ಪ್ರಮಾಣದ ಎಂಡೋಟಾಕ್ಸಿನ್ ಬೆರೆಸಿ, ಅಷ್ಟೇ ಮರಳಿ ಸಿಗುತ್ತದೆಯೇ ಎಂದು ನೋಡಲೇಬೇಕು. ರಾಸಾಯನಿಕ ಕೊಂಡಿ ಹಾಕುವ ಜೆಲ್ ಆದರೆ ಉಳಿದುಹೋದ ಕೊಂಡಿ ಹಾಕುವ ವಸ್ತುವೇ ದೊಡ್ಡ ಅನುಮಾನ. ಇಲ್ಲಿಂದ ಮುಂದೆ ಐಎಸ್‌ಒ 10993 ಸರಣಿಯ ಪರೀಕ್ಷೆಗಳು, ಅಂದರೆ ಜೀವಕೋಶಕ್ಕೆ ವಿಷವೇ, ಕೆರಳಿಸುತ್ತದೆಯೇ, ಒಳಗಿಟ್ಟರೆ ಏನಾಗುತ್ತದೆ ಎಂಬುದು. ಅವನ್ನು ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಬಿಡಿ.

ಜೆಲ್ ಪೂರ್ತಿ ಕರಗಿ ಹೋಗದೆ ಉಳಿದರೆ ಇನ್ನೊಂದು ತೊಂದರೆ, ಅದು ಎಷ್ಟೋ ವಾರಗಳ ನಂತರ ಕಾಣುತ್ತದೆ. ದೇಹ ಅದನ್ನು ಹೊರಗಿನ ವಸ್ತುವೆಂದು ಸುತ್ತುವರಿದು ಗಡ್ಡೆ ಕಟ್ಟುತ್ತದೆ. ಮಾರುಕಟ್ಟೆಗೆ ಬಂದಿದ್ದ ಜೆಲ್ ಒಂದರಲ್ಲೂ ಹೀಗಾದ ವರದಿಗಳಿವೆ. ಉಳಿದ ಜೆಲ್ ಸೂಕ್ಷ್ಮದರ್ಶಕದಲ್ಲಿ ಗಂಟಿನಿಂದ ಒಸರಿದ ಲೋಳೆಯ ಹಾಗೆ ಕಾಣಬಹುದು. ರೋಗಿಯ ಮುಂದಿನ ಚಿಕಿತ್ಸೆಯೇ ಆ ಗಾಜಿನ ಚೂರಿನ ಮೇಲೆ ನಿಂತಿರುವಾಗ ಈ ಗೊಂದಲ ಆಗಬಾರದು. ಆದ್ದರಿಂದ ತೆಗೆದ ತುಂಡನ್ನು ಪ್ಯಾಥಾಲಜಿಗೆ ಕಳಿಸುವ ಚೀಟಿಯಲ್ಲಿ ಯಾವ ಜೆಲ್, ಯಾವ ಬಣ್ಣ, ಯಾವ ದಿನ ಚುಚ್ಚಿದ್ದು ಎಂದು ಬರೆಯಿರಿ. ಜೊತೆಗೆ ಬರೀ ನಿಮ್ಮ ಜೆಲ್ ಇರುವ ಒಂದು ಸ್ಲೈಡನ್ನು ಅದೇ ಬಣ್ಣಗಳಲ್ಲಿ ಮಾಡಿಸಿ ಅವರ ಕೈಗೆ ಕೊಡಿ. ಅನುಮಾನ ಬಂದಾಗ ಪಕ್ಕದಲ್ಲಿಟ್ಟು ಹೋಲಿಸಲು ಅವರಿಗೆ ಅದು ಬೇಕಾಗುತ್ತದೆ.